ಮನುಷ್ಯ ಸತ್ತವರನ್ನು ಮಣ್ಣು ಮಾಡಲು ಶುರುಮಾಡಿದ್ದು ಯಾವಾಗ?

ಪ್ರಶ್ನೆ: ಎಂಟನೇ ತರಗತಿ ಓದುವ ನನ್ನ ಮಗ ಒಂದು ವಿಡಿಯೋ ನೋಡಿದ. ನಿಯಾಂಡರ್ತಾಲ್ ಮನುಷ್ಯರು ಹತ್ತಾರು ಸಾವಿರ ವರ್ಷಗಳ ಹಿಂದೆಯೇ ಹೆಣದ ಮೇಲೆ ಹೂ ಹಾಕಿ ಹೂಳುತ್ತಿದ್ದರು ಅಂತ ಅದರಲ್ಲಿದೆ. ಇದು ನಿಜವೇ? ಹೂಳುವುದು ಮೊದಲು ಶುರುವಾಗಿದ್ದು ಯಾವಾಗ? ಗುಹೆಯಲ್ಲಿ ಎಲುಬು ಸಿಕ್ಕರೆ ಹೂತಿದ್ದೋ, ಅಲ್ಲೇ ಸತ್ತು ಬಿದ್ದಿದ್ದೋ ಅಂತ ಹೇಗೆ ಗೊತ್ತಾಗುತ್ತದೆ? ವಾಸನೆ ಬರುತ್ತೆ ಅಂತ ಸುಮ್ನೆ ಮಣ್ಣು ಮುಚ್ಚಿರಬಹುದಲ್ವಾ?
– ಕೊಪ್ಪಳದ ಒಬ್ಬ ಓದುಗರು

ಉತ್ತರ: ನಿಮ್ಮ ಕೊನೆಯ ಎರಡು ಪ್ರಶ್ನೆಗಳು ನನಗೆ ತುಂಬಾ ಇಷ್ಟವಾದವು. ನಮ್ಮ ಕೆಲಸದ ಮುಕ್ಕಾಲು ಪಾಲು ಅವೇ. ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಇಲ್ಲಿವರೆಗೆ ಸಿಕ್ಕಿರುವುದರಲ್ಲಿ, ಹೆಚ್ಚಿನವರು ಒಪ್ಪುವ ಹಳೆಯ ಸಮಾಧಿಗಳಿಗೆ ಸುಮಾರು 1 ಲಕ್ಷ ವರ್ಷ. ಅವು ಇಸ್ರೇಲಿನ ಗುಹೆಗಳಲ್ಲಿ ಸಿಕ್ಕಿವೆ. ನಿಯಾಂಡರ್ತಾಲರು ಅಂದರೆ ನಮಗೆ ಹತ್ತಿರದ, ಈಗ ಅಳಿದುಹೋಗಿರುವ ಇನ್ನೊಂದು ಮನುಷ್ಯ ಜಾತಿ. ಅವರೂ ತಮ್ಮವರನ್ನು ಹೂಳುತ್ತಿದ್ದರು ಅಂತ ನಾನು ನಂಬುತ್ತೇನೆ. ಹೂವಿನ ಕತೆ ಮಾತ್ರ ಬಹುಶಃ ನಿಜವಲ್ಲ.

ಇನ್ನು ನಿಧಾನವಾಗಿ ನೋಡೋಣ.

ನಿಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣು ಯಾವಾಗ?’ ಅಂತ ಕೇಳುತ್ತಾರೆ. ‘ಮಣ್ಣಿಗೆ ಹೋಗಿ ಬಂದೆ’ ಅನ್ನುತ್ತಾರೆ. ಹೂಳುವುದಕ್ಕೆ ‘ಮಣ್ಣು ಮಾಡುವುದು’ ಅಂತಲೇ ಹೆಸರು. ಅಗೆತದ ಕೆಲಸದಲ್ಲಿ ಇರುವವರಿಗೆ ಈ ಮಾತಿನಲ್ಲಿ ಒಂದು ಪಾಠ ಇದೆ. ಸಮಾಧಿ ಹೌದೋ ಅಲ್ಲವೋ ಎಂದು ತಿಳಿಯಲು ನಾವು ಎಲುಬಿಗಿಂತ ಮೊದಲು ಮಣ್ಣು ನೋಡುತ್ತೇವೆ.

ಹೊಲದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡಿದ್ದನ್ನು ನೆನಪಿಸಿಕೊಳ್ಳಿ. ಮೇಲಿನ ಕಪ್ಪು ಮಣ್ಣು, ಅದರಡಿಯ ಕೆಂಪು ಮಣ್ಣು, ಇನ್ನೂ ಕೆಳಗಿನ ಗರಸು, ಎಲ್ಲ ಮೇಲೆ ಬಂದು ಕಲಸಿಹೋಗುತ್ತವೆ. ಅದೇ ಮಣ್ಣನ್ನು ಮತ್ತೆ ತುಂಬಿದರೂ ಮೊದಲಿನ ಹಾಗೆ ಪದರ ಪದರವಾಗಿ ಕೂರುವುದಿಲ್ಲ. ಬಣ್ಣ ಬೇರೆ ಆಗುತ್ತದೆ, ಗಟ್ಟಿತನ ಬೇರೆ ಆಗುತ್ತದೆ. ಸಾವಿರಾರು ವರ್ಷ ಕಳೆದರೂ ಆ ಗುಂಡಿಯ ಅಂಚು ಎಷ್ಟೋ ಸಲ ಉಳಿದಿರುತ್ತದೆ. ಕರಣೆ ಆಡಿಸುವಾಗ ಒಂದು ಕಡೆ ಮಣ್ಣು ಗಟ್ಟಿ, ಒಂದು ಬೆರಳು ಈಚೆ ಬಂದರೆ ಮೆತ್ತಗೆ. ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಅಗೆತದಲ್ಲಿ, ಮಗುವನ್ನು ಇಟ್ಟು ಹೂತಿದ್ದ ಮಡಕೆಯ ಬಾಯಿ ಕಂಡಿತು. ಖುಷಿಯಲ್ಲಿ ಸುತ್ತಲಿನ ಮಣ್ಣನ್ನು ಬೇಗ ಬೇಗ ತೆಗೆದೆ. ಮಡಕೆ ಪೂರ್ತಿಯಾಗಿ ಸಿಕ್ಕಿತು. ಗುಂಡಿಯ ಅಂಚು ಹೋಯಿತು. ಆ ಮಡಕೆಯನ್ನು ಮನೆಯ ನೆಲ ಹಾಕುವ ಮೊದಲೇ ಇಟ್ಟಿದ್ದರೋ, ಆಮೇಲೆ ನೆಲ ಕೊರೆದು ಇಟ್ಟರೋ ಅಂತ ಹೇಳಲು ಇನ್ನು ಯಾರಿಂದಲೂ ಆಗುವುದಿಲ್ಲ. ಆ ಮನೆಯವರು ಅಲ್ಲೇ ಬದುಕುತ್ತಿರುವಾಗ ಮಗು ಸತ್ತಿತೇ ಅನ್ನುವುದು ಆ ಒಂದು ಅಂಚಿನಲ್ಲಿತ್ತು. ಇವತ್ತಿಗೂ ನನಗೆ ಅದರ ನೋವಿದೆ.

ಮಣ್ಣಿನ ನಂತರ ಎಲುಬು. ಅಲ್ಲೂ ಮೊದಲು ನೋಡುವುದು ಕೀಲುಗಳನ್ನು. ಹೆಣವನ್ನು ಬಯಲಲ್ಲಿ ಬಿಟ್ಟರೆ ಕೈಬೆರಳು, ಕಾಲ್ಬೆರಳುಗಳ ಸಣ್ಣ ಎಲುಬುಗಳು ಬೇಗ ಕಳಚಿ ಚೆದುರುತ್ತವೆ. ಕತ್ತೆಕಿರುಬ, ನರಿ ಬಂದು ಎಳೆದಾಡುತ್ತವೆ. ಎಲುಬಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ಹಾಗಾಗಿ ಬೆರಳಿನ ಎಲುಬುಗಳು ಒಂದರ ಪಕ್ಕ ಒಂದು ಇದ್ದಲ್ಲೇ ಇದ್ದರೆ, ಮೈ ಕೊಳೆಯುವ ಮೊದಲೇ ಮಣ್ಣು ಮುಚ್ಚಿತ್ತು ಅಂತ ತಿಳಿಯಬಹುದು. ಆದರೆ ಗುಹೆಯ ಚಾವಣಿ ಕುಸಿದೂ ಮಣ್ಣು ಮುಚ್ಚಬಹುದು ಅಲ್ವಾ? ಅದಕ್ಕೇ ಕೀಲು ಮತ್ತು ಗುಂಡಿ ಎರಡೂ ಸಿಗಬೇಕು.

ಎರಡೂ ಸಿಕ್ಕ ಒಂದು ಉದಾಹರಣೆ ಹೇಳುತ್ತೇನೆ. ನನ್ನ ಪ್ರಕಾರ ಇಡೀ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಸಮಾಧಿ ಬೇರೆ ಇಲ್ಲ.

ಕೀನ್ಯಾದ ಕರಾವಳಿಗೆ ಹತ್ತಿರ ಪಂಗಾ ಯಾ ಸೈದಿ ಅನ್ನುವ ಗುಹೆ ಇದೆ. 2013ರಲ್ಲಿ ಅಲ್ಲಿ ಎಲುಬಿನ ಕೆಲವು ಚೂರು ಕಂಡವು. 2017ರಲ್ಲಿ, ಗುಹೆಯ ಈಗಿನ ನೆಲದಿಂದ ಸುಮಾರು 3 ಮೀಟರ್ ಆಳದಲ್ಲಿ, ಒಂದು ದುಂಡನೆಯ ಗುಂಡಿ ಪೂರ್ತಿ ಕಾಣಿಸಿತು. ಒಳಗಿನ ಎಲುಬು ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗಿತ್ತು. ಹಾಗಾಗಿ ಎಲುಬು ಬಿಡಿಸುವ ಯೋಚನೆಯನ್ನೇ ಬಿಟ್ಟರು. ಸುತ್ತಲಿನ ಮಣ್ಣಿನ ಸಮೇತ ಪ್ಲಾಸ್ಟರ್ ಹಾಕಿ ಗಟ್ಟಿ ಮಾಡಿದರು. ಆ ಗಡ್ಡೆಯನ್ನು ಮೊದಲು ನೈರೋಬಿಯ ಮ್ಯೂಸಿಯಂಗೆ, ಅಲ್ಲಿಂದ ಸ್ಪೇನಿನ ಬುರ್ಗೋಸ್ ಊರಿನ ಪ್ರಯೋಗಾಲಯಕ್ಕೆ ಒಯ್ದರು. ತಿಂಗಳುಗಟ್ಟಲೆ ಕೂತು ಕಣ ಕಣವಾಗಿ ಮಣ್ಣು ಬಿಡಿಸಿದರು. ಜೊತೆಗೆ ಒಳಭಾಗದ ಎಕ್ಸ್‌ರೇ ಸ್ಕ್ಯಾನ್ ಮಾಡಿದರು. ಒಳಗಿದ್ದದ್ದು ಎರಡೂವರೆ, ಮೂರು ವರ್ಷದ ಮಗು. 78 ಸಾವಿರ ವರ್ಷ ಹಿಂದಿನದು. ಹಲ್ಲು ನೋಡಿದರೆ ನಮ್ಮದೇ ಜಾತಿಯ, ಅಂದರೆ ಹೋಮೋ ಸೇಪಿಯನ್ಸ್ ಮನುಷ್ಯ. ಅದಕ್ಕೆ ‘ಮ್ಟೋಟೊ’ ಅಂತ ಹೆಸರಿಟ್ಟರು. ಸ್ವಾಹಿಲಿಯಲ್ಲಿ ಮಗು ಅಂತಲೇ ಅರ್ಥ.

ಮಗುವನ್ನು ಬಲಮಗ್ಗುಲಿಗೆ ಮಲಗಿಸಿದ್ದರು. ಮೊಣಕಾಲು ಎದೆಯ ಕಡೆ ಮಡಿಚಿತ್ತು. ಗುಂಡಿಯೊಳಗಿನ ಮಣ್ಣು ಸುತ್ತಲಿನ ಮಣ್ಣಿಗಿಂತ ಬೇರೆ. ಗುಹೆಯ ನೆಲದಿಂದಲೇ ಬಾಚಿ ತುಂಬಿದ್ದು. ಮೈ ಅಲ್ಲೇ, ಆ ಗುಂಡಿಯಲ್ಲೇ ಕರಗಿತ್ತು ಅನ್ನುವುದು ಮಣ್ಣಿನ ರಾಸಾಯನಿಕ ಪರೀಕ್ಷೆಯಲ್ಲಿ ತಿಳಿಯಿತು. ಇಲ್ಲಿವರೆಗೆ ಇದು ಒಂದು ಸಮಾಧಿ ಅಷ್ಟೇ. ಮುಂದಿನ ಎರಡು ವಿವರಗಳನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮಗುವಿನ ಹೆಗಲೆಲುಬು ಮತ್ತು ಮೇಲಿನ ಪಕ್ಕೆಲುಬುಗಳು ಒಳಕ್ಕೆ ಒತ್ತಿಕೊಂಡು ತಿರುಗಿದ್ದವು. ಮೈಯ ಮೇಲ್ಭಾಗವನ್ನು ಯಾವುದರಲ್ಲೋ ಬಿಗಿಯಾಗಿ ಸುತ್ತಿದ್ದರೆ ಮಾತ್ರ ಹೀಗಾಗುತ್ತದೆ. ಅದು ಎಲೆಯೋ, ತೊಗಲೋ ಇರಬೇಕು. ಇನ್ನೊಂದು, ತಲೆಬುರುಡೆ ಮತ್ತು ಕತ್ತಿನ ಎಲುಬುಗಳು ಕೆಳಕ್ಕೆ ಜಾರಿ ವಾಲಿದ್ದವು. ತಲೆಯಡಿ ಮೊದಲು ಏನೋ ಇತ್ತು, ಅದು ಕೊಳೆತುಹೋದಾಗ ಆ ಜಾಗ ಖಾಲಿಯಾಗಿ ತಲೆ ಕುಸಿಯಿತು. ಅಂದರೆ ತಲೆದಿಂಬು. ದಿಂಬೂ ಉಳಿದಿಲ್ಲ, ಸುತ್ತಿದ ಹೊದಿಕೆಯೂ ಉಳಿದಿಲ್ಲ. ಅವು ಇದ್ದವು ಅನ್ನುವುದನ್ನು ಎಲುಬು ಕುಸಿದ ರೀತಿಯೇ ಹೇಳಿತು.

ವಾಸನೆಯ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ವಾಸನೆ ತಡೆಯಲು ತಲೆದಿಂಬು ಬೇಕಿಲ್ಲ. ಆ ಕಾಲದವರು ಒಂದೇ ಕಡೆ ನೆಲೆ ನಿಂತವರೂ ಅಲ್ಲ. ಹೆಣ ಬೇಡವಾಗಿದ್ದರೆ ದೂರ ಒಯ್ದು ಬಿಟ್ಟುಬರಬಹುದಿತ್ತು. ಇಲ್ಲವೇ ಗುಹೆಯನ್ನೇ ಬಿಟ್ಟು ಹೋಗಬಹುದಿತ್ತು. ಗುದ್ದಲಿ ಇಲ್ಲದ ಕಾಲದಲ್ಲಿ, ಕೋಲಲ್ಲೋ ಕಲ್ಲಲ್ಲೋ ಕೆದಕಿ ಗುಂಡಿ ಮಾಡುವುದು ಸಣ್ಣ ಕೆಲಸವಲ್ಲ. ಹಾಗಂತ ನಿಮ್ಮ ಅನುಮಾನ ತಪ್ಪು ಅಂತ ನಾನು ಹೇಳುತ್ತಿಲ್ಲ. ಬರೀ ಗುಂಡಿ ಸಿಕ್ಕಿ ಬೇರೇನೂ ಸಿಗದಿದ್ದರೆ, ಅದರ ಹಿಂದೆ ಪರಲೋಕದ ನಂಬಿಕೆ ಇತ್ತು ಅಂತ ಹೇಳುವ ಹಕ್ಕು ನಮಗಿಲ್ಲ. ಮ್ಟೋಟೊ ವಿಷಯದಲ್ಲೂ ನಾನು ನಂಬಿಕೆ ಅನ್ನುವ ಪದ ಬಳಸುವುದಿಲ್ಲ. ಯಾರೋ ಒಬ್ಬರು ಮಗುವನ್ನು ಮಲಗಿಸುವ ಹಾಗೆ ಮಲಗಿಸಿದರು. ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಈಗ 1 ಲಕ್ಷ ವರ್ಷದ ಮಾತಿಗೆ ಬರೋಣ. ಇಸ್ರೇಲಿನ ನಜರೆತ್ ಊರಿನ ಹತ್ತಿರ ಕಫ್ಜೆ ಅನ್ನುವ ಗುಹೆ ಇದೆ. ಕಾರ್ಮೆಲ್ ಬೆಟ್ಟದಲ್ಲಿ ಸ್ಖೂಲ್ ಗುಹೆ ಇದೆ. ಎರಡರಲ್ಲೂ 90 ಸಾವಿರದಿಂದ 1 ಲಕ್ಷ ವರ್ಷದಷ್ಟು ಹಿಂದಿನ ಸಮಾಧಿಗಳು ಸಿಕ್ಕಿವೆ. ಇವರೂ ನಮ್ಮದೇ ಜಾತಿ. ಸ್ಖೂಲ್‌ನಲ್ಲಿ ಒಬ್ಬ ಗಂಡಸಿನ ತೋಳ ನಡುವೆ ಕಾಡುಹಂದಿಯ ದವಡೆ ಇತ್ತು. ಕಫ್ಜೆಯಲ್ಲಿ ಹನ್ನೆರಡು ಹದಿಮೂರು ವರ್ಷದ ಒಂದು ಮಗುವಿನ ಎದೆಯ ಮೇಲೆ, ಕೈಗಳ ಹತ್ತಿರ, ಜಿಂಕೆಯ ಕೊಂಬು ಇಟ್ಟಿದ್ದರು. ಆ ಮಗುವಿನ ತಲೆಬುರುಡೆಯಲ್ಲಿ ಹಳೆಯ ಪೆಟ್ಟಿನ ಗುರುತಿದೆ. ಪೆಟ್ಟು ಬಿದ್ದು ವರ್ಷಗಳೇ ಕಳೆದಿದ್ದವು, ಮೂಳೆ ಕೂಡಿಕೊಂಡಿತ್ತು. ಮಿದುಳಿಗೆ ಆದ ಗಾಯದಿಂದ ಮಗು ಸರಿಯಾಗಿ ಬೆಳೆದಿರಲಿಲ್ಲ ಅಂತ ಪರೀಕ್ಷೆ ಮಾಡಿದವರು ಹೇಳುತ್ತಾರೆ. ಅಷ್ಟು ವರ್ಷ ಅದನ್ನು ಯಾರೋ ನೋಡಿಕೊಂಡಿದ್ದಾರೆ. ಸತ್ತಾಗ ಕೊಂಬು ಇಟ್ಟವರೂ ಅವರೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಅದೇ ಗುಹೆಯಲ್ಲಿ ಕೆಮ್ಮಣ್ಣಿನ ಉಂಡೆಗಳೂ, ದೂರದ ಸಮುದ್ರ ದಂಡೆಯಿಂದ ತಂದ ಚಿಪ್ಪುಗಳೂ ಸಿಕ್ಕಿವೆ.

ನಿಮ್ಮ ಮಗ ನೋಡಿದ ಹೂವಿನ ಕತೆ ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗುಹೆಯದು. ಅಮೆರಿಕದ ರಾಲ್ಫ್ ಸೊಲೆಕಿ 1951ರಿಂದ 1960ರವರೆಗೆ ಅಲ್ಲಿ ಅಗೆದರು. ಹತ್ತು ನಿಯಾಂಡರ್ತಾಲರ ಎಲುಬುಗಳು ಸಿಕ್ಕವು. ಅದರಲ್ಲಿ ನಾಲ್ಕನೆಯದರ ಸುತ್ತಲಿನ ಮಣ್ಣನ್ನು ಫ್ರಾನ್ಸಿನ ಆರ್ಲೆಟ್ ಲೆರ್ವಾ-ಗುರಾಂ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೂವಿನ ಪರಾಗದ ಉಂಡೆಗಳು ಕಂಡವು. ಬೇರೆ ಬೇರೆ ಹೂಗಳದ್ದು. ಹೂ ತಂದು ಹೆಣದ ಮೇಲೆ ಹಾಕಿದ್ದಾರೆ ಅಂತ ಸೊಲೆಕಿ ಬರೆದರು. ಜಗತ್ತು ಅದನ್ನು ಪ್ರೀತಿಯಿಂದ ಒಪ್ಪಿಕೊಂಡಿತು. ಅದಕ್ಕೂ ಒಂದು ಕಾರಣ ಇತ್ತು. ನಿಯಾಂಡರ್ತಾಲರನ್ನು ಅಲ್ಲಿವರೆಗೆ ಕಾಡುಪ್ರಾಣಿಗಳ ಹಾಗೆ ಚಿತ್ರಿಸಿದ್ದರು. ಆ ತಪ್ಪನ್ನು ಈ ಕತೆ ತಿದ್ದಿತು.

ಆಮೇಲೆ ಅನುಮಾನ ಬಂದವು. ಆ ಗುಹೆಯಲ್ಲಿ ಬಿಲ ತೋಡುವ ಒಂದು ಜಾತಿಯ ಇಲಿ ಹೂಗಳನ್ನು ಎಳೆದು ತಂದು ಕೂಡಿಡುತ್ತದೆ. ಈಚೆಗೆ, 2023ರಲ್ಲಿ, ಮತ್ತೊಂದು ತಂಡ ಜೇನಿನ ಜಾತಿಯ ಒಂಟಿ ಹುಳಗಳನ್ನು ತೋರಿಸಿತು. ಅವು ಗುಹೆಯ ಮಣ್ಣಿನಲ್ಲೇ ಗೂಡು ಕೊರೆದು, ಪರಾಗ ಉಂಡೆ ಕಟ್ಟಿ ಇಡುತ್ತವೆ. ಒಂದೇ ಉಂಡೆಯಲ್ಲಿ ಬೇರೆ ಬೇರೆ ಗಿಡಗಳ ಪರಾಗ ಕಲೆತಿರುವುದು ಹೂಗುಚ್ಛಕ್ಕಿಂತ ಈ ಹುಳದ ಕೆಲಸಕ್ಕೆ ಜಾಸ್ತಿ ಹೊಂದುತ್ತದೆ. ನನಗೂ ಇದೇ ಸರಿ ಅನ್ನಿಸುತ್ತದೆ.

ಹೂ ಹೋಯಿತು ಅಂತ ಮಗ ಬೇಜಾರು ಮಾಡಿಕೊಂಡರೆ ಅವನಿಗೆ ಮುಂದಿನದನ್ನು ಹೇಳಿ. ಅದೇ ಗುಹೆಯಲ್ಲಿ 2015ರಿಂದ ಕೇಂಬ್ರಿಜ್‌ನ ತಂಡವೊಂದು ಮತ್ತೆ ಅಗೆಯಿತು. 2018ರಲ್ಲಿ ಸೊಲೆಕಿ ಬಿಟ್ಟ ಜಾಗದ ಪಕ್ಕದಲ್ಲೇ ಇನ್ನೊಂದು ಮೈ ಸಿಕ್ಕಿತು. ಸುಮಾರು 75 ಸಾವಿರ ವರ್ಷ ಹಿಂದಿನದು. ತಲೆಬುರುಡೆ ಬಂಡೆಯ ಭಾರಕ್ಕೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿತ್ತು. 200ಕ್ಕೂ ಹೆಚ್ಚು ಚೂರು ಜೋಡಿಸಿ ನೋಡಿದರೆ, ನಲವತ್ತು ದಾಟಿದ ಹೆಂಗಸು. ತಲೆ ಒಂದು ಕಡೆಗೆ ವಾಲಿತ್ತು, ಎಡಗೈ ಅದರಡಿ ಮಡಿಚಿತ್ತು. ಮೈ ಇದ್ದದ್ದು ನೀರು ಹರಿದು ಆಗಿದ್ದ ಒಂದು ತಗ್ಗಿನಲ್ಲಿ. ಆ ತಗ್ಗನ್ನು ಯಾರೋ ಇನ್ನಷ್ಟು ಆಳ ಮಾಡಿದ್ದರು ಅಂತ ಮಣ್ಣಿನ ತೆಳು ಪದರಗಳನ್ನು ಕತ್ತರಿಸಿ ನೋಡಿದವರು ಹೇಳುತ್ತಾರೆ. ದೊಡ್ಡ ಬಂಡೆಯೊಂದರ ಬುಡದ ಅದೇ ಜಾಗದಲ್ಲಿ ಒಂದರ ಹತ್ತಿರ ಒಂದು ಹಲವು ಮೈಗಳು ಸಿಕ್ಕಿವೆ. ಹಾಗಾದರೆ ಅವರು ಮತ್ತೆ ಮತ್ತೆ ಅಲ್ಲಿಗೇ ಬರುತ್ತಿದ್ದರು. ‘ನಮ್ಮವರನ್ನು ಇಡುವ ಜಾಗ ಇದು’ ಎಂಬ ನೆನಪು ಅವರಿಗೆ ಇತ್ತು. ಹೂವಿಗಿಂತ ಇದು ನನಗೆ ದೊಡ್ಡ ವಿಷಯ.

ಎಲ್ಲ ಕಡೆ ಹೀಗೆ ಗಟ್ಟಿ ಸಾಕ್ಷಿ ಸಿಗುವುದಿಲ್ಲ. ಫ್ರಾನ್ಸಿನ ರೋಕ್ ದ ಮಾರ್ಸಾಲ್‌ನಲ್ಲಿ 1961ರಲ್ಲಿ ಸಿಕ್ಕ ನಿಯಾಂಡರ್ತಾಲ್ ಮಗುವಿನದು ಸಮಾಧಿ ಅಂತ ಐವತ್ತು ವರ್ಷ ನಂಬಿದ್ದರು. ಮತ್ತೆ ಪರೀಕ್ಷೆ ಮಾಡಿದರೆ ಆ ಗುಂಡಿ ತಾನಾಗಿಯೇ ಆದ ತಗ್ಗು ಅಂತ ಕಂಡಿತು. ಅದೇ ದೇಶದ ಲಾ ಶಪೆಲ್‌ನಲ್ಲಿ 1908ರಲ್ಲಿ ಪಾದ್ರಿಗಳಾಗಿದ್ದ ಅಣ್ಣತಮ್ಮಂದಿರು ಒಬ್ಬ ಮುದುಕನ ಎಲುಬುಗಳನ್ನು ಗುಂಡಿ ಸಮೇತ ಗುರುತಿಸಿದರು. 2013ರಲ್ಲಿ ಒಂದು ತಂಡ, ಹೌದು, ಆ ಗುಂಡಿಯಲ್ಲಿ ಮನುಷ್ಯರ ಕೈವಾಡ ಇದೆ ಅಂದಿತು. ಬೇರೆಯವರು ಒಪ್ಪಲಿಲ್ಲ. ಆ ವಾದ ಇನ್ನೂ ನಡೆದಿದೆ.

ನೀವು ಟಿವಿಯಲ್ಲಿ ಹೋಮೋ ನಲೇಡಿ ಹೆಸರು ಕೇಳಿರಬಹುದು. ದಕ್ಷಿಣ ಆಫ್ರಿಕಾದ ಆಳವಾದ ಗುಹೆಯೊಂದರಲ್ಲಿ ಸಿಕ್ಕ ಜಾತಿ ಅದು. ಮಿದುಳು ನಮ್ಮದರ ಮೂರರಲ್ಲೊಂದು ಭಾಗ. ಕಾಲ ಸುಮಾರು 2.4 ಲಕ್ಷದಿಂದ 3.3 ಲಕ್ಷ ವರ್ಷಗಳ ಹಿಂದೆ. ಅವರೂ ಹೂಳುತ್ತಿದ್ದರು ಅಂತ, ಅಲ್ಲಿ ಅಗೆದ ಲೀ ಬರ್ಗರ್ ತಂಡ 2023ರಲ್ಲಿ ಹೇಳಿತು. ನಿಜವಾದರೆ ಇಡೀ ಲೆಕ್ಕ ಬದಲಾಗುತ್ತದೆ. ಆದರೆ ನನಗೆ ಬೇಕಾದದ್ದು ಗುಂಡಿಯ ಅಂಚು. ಅದನ್ನು ಅವರು ಇನ್ನೂ ಒಪ್ಪುವ ಹಾಗೆ ತೋರಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿವರೆಗೆ ಕಾಯುತ್ತೇನೆ.

ದುಃಖ ಮಾತ್ರ ಗುಂಡಿಗಿಂತ ಹಳೆಯದು. ಚಿಂಪಾಂಜಿ ತಾಯಂದಿರು ಸತ್ತ ಮರಿಯನ್ನು ವಾರಗಟ್ಟಲೆ ಹೊತ್ತು ತಿರುಗಿದ್ದನ್ನು ಆಫ್ರಿಕಾದಲ್ಲಿ ದಾಖಲಿಸಿದ್ದಾರೆ. ನಮ್ಮದೇ ದೇಶದ ಉತ್ತರ ಬಂಗಾಳದ ಚಹಾ ತೋಟಗಳಲ್ಲಿ, ಸತ್ತ ಐದು ಆನೆಮರಿಗಳು ನೀರಿನ ಕಾಲುವೆಗಳಲ್ಲಿ ಕಾಲು ಮೇಲಾಗಿ, ಮಣ್ಣು ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕವು ಅಂತ 2024ರಲ್ಲಿ ವರದಿ ಬಂತು.

ಮುಂದಿನ ಕಾಲದಲ್ಲಿ ಮಣ್ಣು ಮಾಡುವ ರೀತಿಗಳು ತುಂಬಾ ಬೆಳೆದವು. ರಷ್ಯಾದ ಸುಂಗೀರ್‌ನಲ್ಲಿ ಸುಮಾರು 34 ಸಾವಿರ ವರ್ಷಗಳ ಹಿಂದೆ ಇಬ್ಬರು ಹುಡುಗರನ್ನು ತಲೆಗೆ ತಲೆ ತಾಗುವಂತೆ ಒಂದೇ ಗುಂಡಿಯಲ್ಲಿ ಮಲಗಿಸಿದ್ದರು. ಅವರ ಜೊತೆ ಮ್ಯಾಮತ್ ಆನೆಯ ದಂತದಿಂದ ಕೊರೆದ ಸಾವಿರಾರು ಮಣಿಗಳಿದ್ದವು. ಒಬ್ಬನ ತೊಡೆಯೆಲುಬು ಗಿಡ್ಡವಾಗಿ ಬಾಗಿತ್ತು, ನಡೆಯಲು ಕಷ್ಟಪಟ್ಟ ಹುಡುಗ. ಆಸ್ಟ್ರೇಲಿಯಾದ ಮುಂಗೋ ಕೆರೆಯ ದಂಡೆಯಲ್ಲಿ ಸುಮಾರು 40 ಸಾವಿರ ವರ್ಷ ಹಿಂದೆ ಒಬ್ಬ ಹೆಂಗಸನ್ನು ಸುಟ್ಟು, ಎಲುಬು ಜಜ್ಜಿ ಹೂತಿದ್ದಾರೆ. ಹತ್ತಿರದಲ್ಲೇ ಒಬ್ಬ ಗಂಡಸನ್ನು ಸುಡದೆ, ಕೆಮ್ಮಣ್ಣು ಚೆಲ್ಲಿ ಹೂತಿದ್ದಾರೆ. ಸುಡುವುದೋ ಹೂಳುವುದೋ ಅನ್ನುವ ಎರಡು ದಾರಿಗಳು ಆಗಲೇ ಅಕ್ಕಪಕ್ಕ ಇದ್ದವು.

ಭಾರತದಲ್ಲಿ ಅಷ್ಟು ಹಿಂದಿನ ಸಮಾಧಿ ಸಿಕ್ಕಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ, ಇಸಾಂಪುರದಂಥ ಕಡೆ ಕಲ್ಲಿನ ಆಯುಧಗಳು ರಾಶಿ ರಾಶಿ ಇವೆ, ಅವುಗಳನ್ನು ಮಾಡಿದವರ ಎಲುಬಿಲ್ಲ. ಗಂಗಾ ಬಯಲಿನ ಪ್ರತಾಪಗಢ ಜಿಲ್ಲೆಯ ಸರಾಯ್ ನಾಹರ್ ರಾಯ್, ಮಹದಹಾ, ದಮ್ದಮಗಳಲ್ಲಿ ಮಾತ್ರ ಬೇಟೆಗಾರರ ಸಮಾಧಿಗಳು ಚೆನ್ನಾಗಿ ಉಳಿದಿವೆ. ದಮ್ದಮದಲ್ಲೇ 41 ಗುಂಡಿ. ಕೆಲವದರಲ್ಲಿ ಇಬ್ಬರು ಒಟ್ಟಿಗೆ ಇದ್ದಾರೆ. ಎಲ್ಲವೂ ಅವರು ಒಲೆ ಹಚ್ಚಿ ಬದುಕುತ್ತಿದ್ದ ಜಾಗದಲ್ಲೇ. ಊರಾಚೆ ಸ್ಮಶಾನ ಇರಬೇಕು ಅನ್ನುವ ಯೋಚನೆ ಇನ್ನೂ ಬಂದಿರಲಿಲ್ಲ.

ನಮ್ಮ ಕಡೆಯೂ ಹಾಗೇ. ಬಳ್ಳಾರಿಯ ತೆಕ್ಕಲಕೋಟೆ, ಚಿತ್ರದುರ್ಗದ ಬ್ರಹ್ಮಗಿರಿ, ಇಂಥ ಹೊಸ ಶಿಲಾಯುಗದ ಊರುಗಳಲ್ಲಿ ಸುಮಾರು 4 ಸಾವಿರ ವರ್ಷಗಳ ಹಿಂದೆ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಗಳ ನಡುವೆ, ಎಷ್ಟೋ ಕಡೆ ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಮಡಕೆ ಇಡುತ್ತಿದ್ದರು. ಸುಡುವ ಪದ್ಧತಿಯ ಎಷ್ಟೋ ಮನೆತನಗಳಲ್ಲಿ ಇವತ್ತಿಗೂ ಹಾಲುಗಲ್ಲದ ಮಗು ತೀರಿಕೊಂಡರೆ ಸುಡುವುದಿಲ್ಲ, ಹೂಳುತ್ತಾರೆ. ಅದಕ್ಕೂ ಇದಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ. ನಡುವೆ 4 ಸಾವಿರ ವರ್ಷ ಇದೆ. ಆದರೂ ಆ ಮಡಕೆಗಳನ್ನು ಕೈಯಲ್ಲಿ ಹಿಡಿದಾಗ ಅದು ನೆನಪಾಗದೇ ಇರುವುದಿಲ್ಲ. ಇನ್ನೊಂದು ಕೊಂಡಿ ಕೂಡ ಇದೆ. ಮ್ಟೋಟೊ ಸಿಕ್ಕ ಗುಹೆಯ ಕೆಲಸ ನಡೆಸಿದವರಲ್ಲಿ ಒಬ್ಬರು ನಿಕೋಲ್ ಬೋಯ್ವಿನ್. ಅವರು ಅದಕ್ಕೂ ಮೊದಲು ನಮ್ಮ ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲಿನ ಗುಡ್ಡಗಳಲ್ಲಿ ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರು.

ನೀವು ಕೊಪ್ಪಳದವರು. ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಲಿನ ‘ಮೋರ್ಯರ ಮನೆ’ಗಳನ್ನು ಮಗನಿಗೆ ತೋರಿಸಿ. ಅವು ಇನ್ನೂ ಈಚಿನವು, ಕಬ್ಬಿಣದ ಕಾಲದವು. ನೂರಾರು ಇವೆ. ಇಂಥದ್ದೇ ಕಲ್ಲುಗೋರಿಗಳನ್ನು ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗ, ಒಂದೊಂದರಲ್ಲಿ ಹಲವರ ಎಲುಬುಗಳು, ಅದೂ ಬಿಡಿಬಿಡಿಯಾಗಿ ಸಿಕ್ಕವು. ಮೈ ಬೇರೆಲ್ಲೋ ಕರಗಿದ ಮೇಲೆ ಎಲುಬು ಆಯ್ದು ತಂದು ಇಟ್ಟಿದ್ದರು. ಅಷ್ಟು ಹೊತ್ತಿಗೆ ಮಣ್ಣು ಮಾಡುವುದು ಒಂದು ದಿನದ ಕೆಲಸವಾಗಿ ಉಳಿದಿರಲಿಲ್ಲ.

ಅಲ್ಲಿ ಹೋದಾಗ ಕೆಲವು ಕಲ್ಲುಮನೆಗಳ ನೆಲ ಕೆದರಿರುವುದು ಕಾಣಬಹುದು. ನಿಧಿ ಹುಡುಕುವವರ ಕೆಲಸ ಅದು. ಅವುಗಳಲ್ಲಿ ಚಿನ್ನ ಇಲ್ಲ. ಇದ್ದದ್ದು ಮಣ್ಣು, ಮತ್ತು ಅದರ ಪದರಗಳು. ನಿಮ್ಮ ಊರಿನಲ್ಲಿ ಪೈಪಿಗೋ ಪಾಯಕ್ಕೋ ತೋಡುವಾಗ ಹಳೆಯ ಮಡಕೆಯ ಬಾಯಿ ಕಂಡರೆ, ಒಳಗೇನಿದೆ ಅಂತ ನೋಡಲು ಹೋಗಬೇಡಿ. ಅಲ್ಲಿಗೇ ನಿಲ್ಲಿಸಿ, ಮೇಲೊಂದು ಚೀಲ ಮುಚ್ಚಿ, ಪುರಾತತ್ವ ಇಲಾಖೆಗೆ ಫೋನ್ ಮಾಡಿ. ಮಡಕೆ ಒಡೆದಿದ್ದರೆ ನಾವು ಅಂಟಿಸಿಕೊಳ್ಳುತ್ತೇವೆ. ಸುತ್ತಲಿನ ಮಣ್ಣನ್ನು ಮಾತ್ರ ಮುಟ್ಟಬೇಡಿ.